ನಯವಾಗಿ ಕೆಲಸ ಬಿಡಿಸುವ ಐದು ದಿನದ ಪಾಠ

ಬಿಸಿನೆಸ್ ಕಾಲೇಜಿನ ಐಚ್ಛಿಕ ಕೋರ್ಸುಗಳ ಮುಖ್ಯಸ್ಥರೇ,

ನಿಮ್ಮ ಐದು ದಿನದ ಕೋರ್ಸು ಬಹಳ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಎಂದರೆ, ನನ್ನ ಯಜಮಾನರು ತಮ್ಮ ಕೆಲಸ ಕಿತ್ತುಕೊಂಡವನಿಗೇ ಕೈಮುಗಿದು ಥ್ಯಾಂಕ್ಸ್ ಹೇಳಿ ಮನೆಗೆ ಬಂದಿದ್ದಾರೆ. ನನ್ನ ದೂರು ಇಷ್ಟೇ.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. 'ಸಹಾನುಭೂತಿಯ ಬೀಳ್ಕೊಡುಗೆ' ಎಂಬ ಆ ಕೋರ್ಸಿನಲ್ಲಿ ಕೆಲಸ ಕಳೆದುಕೊಳ್ಳುವ ಉದ್ಯೋಗಿಯ ಪಾತ್ರ ನನ್ನದು. ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದವಳನ್ನು ಕರೆತಂದು ಗಾಜಿನ ಗೋಡೆಯ ಕೋಣೆಯಲ್ಲಿ ಕೂರಿಸಿದ್ದೀರಿ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಎದುರಿಗೆ ಕೂರದೆ ಪಕ್ಕದಲ್ಲಿ ಕೂರಬೇಕು, ನೀರಿನ ಲೋಟ ಸರಿಸಬೇಕು, 'ಇದು ನಿಮ್ಮ ತಪ್ಪಲ್ಲ' ಎನ್ನಬೇಕು. ನಾನು ಅಳಬೇಕು. ಆದರೆ ಬೇಗ ಅತ್ತು ಮುಗಿಸಬೇಕು, ಹೊರಗೆ ಸಾಲು ಕಾಯುತ್ತಿರುತ್ತದೆ. ಒಮ್ಮೆ ಬಾಯಿತಪ್ಪಿ 'ನಾನೇ ಯಾಕೆ ಸಾರ್?' ಎಂದು ಕೇಳಿಬಿಟ್ಟೆ. ಹುಡುಗ ಕಕ್ಕಾಬಿಕ್ಕಿ! ನಿಮ್ಮ ಉಪನ್ಯಾಸಕರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಅದೊಂದು ಕೇಳ್ಬೇಡಿ. ಅದಕ್ಕೆ ಉತ್ತರ ಕಲಿಸ್ತಾ ಕೂತ್ರೆ ಐದು ದಿನ ಎಲ್ಲಿ ಸಾಕಾಗುತ್ತೆ?" ಎಂದರು. ಹೊಟ್ಟೆಪಾಡು ನೋಡಿ, ಹೂಂ ಎಂದೆ.

ನಮ್ಮ ಯಜಮಾನರು ಹಾಸಿಗೆ ಕಾರ್ಖಾನೆಯ ಗೋದಾಮು ನೋಡಿಕೊಳ್ಳುತ್ತಿದ್ದರು. ಮಹಾ ಮುಂಗೋಪಿ. ಹಾಸಿಗೆಯ ಮೇಲೆ ಹೊದಿಸಲು ಲಾರಿಯವನು ಒದ್ದೆ ಟಾರ್ಪಾಲು ತಂದರೆ ಬೀದಿಗೆಲ್ಲ ಕೇಳುವಂತೆ ಬೈಯುವವರು. ಕಳೆದ ತಿಂಗಳು ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕೂತರು.

"ಏನಾಯ್ತ್ರೀ?"

"ಹೊಸ ಮ್ಯಾನೇಜರು ಕರೆದ. ಪಾಪ, ಪಕ್ಕದಲ್ಲೇ ಕೂತ್ಕೊಂಡ ಕಣೇ. ನೀರು ಕೊಟ್ಟ. ಆಮೇಲೆ..."

"ಇದು ನಿಮ್ಮ ತಪ್ಪಲ್ಲ ಅಂದ."

"ಹೂಂ. ಈ ನಿರ್ಧಾರ..."

"ನನಗೂ ಸುಲಭ ಇರ್ಲಿಲ್ಲ ಅಂದ."

ಅವರು ತಲೆಯೆತ್ತಿದರು. "ನಿಂಗೆ ಹೇಗೆ ಗೊತ್ತು?"

ಏನು ಹೇಳಲಿ, ಸ್ವಾಮಿ? ಆ ಮ್ಯಾನೇಜರು ನಿಮ್ಮ ಕೋರ್ಸಿನಲ್ಲಿ ನನ್ನ ಮೇಲೇ ಕೈ ಪಳಗಿಸಿಕೊಂಡು ಹೋದವನು ಎಂದೇ?

ಅಂದಿನಿಂದ ಅವರು ಗೋಡೆ ನೋಡುತ್ತಾ ಕೂರುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೂ ಬೈಯದೆ ಉಣ್ಣುತ್ತಾರೆ. ಒಮ್ಮೆ ಮಾತ್ರ ಅಂದರು: "ಕತ್ತು ಹಿಡಿದು ದಬ್ಬಿದ್ರೂ ಚೆನ್ನಾಗಿತ್ತು ಕಣೇ. ನಾಲ್ಕು ಮಾತು ಬೈದಾದ್ರೂ ಬರ್ತಿದ್ದೆ. ಅಷ್ಟು ಒಳ್ಳೆಯವನಿಗೆ ಏನಂತ ಬೈಲಿ?" ಕೆಲಸ ಹೋದದ್ದಕ್ಕಿಂತ ಈ ಮಾತು ಕೇಳಿ ನನಗೆ ಹೆಚ್ಚು ಭಯವಾಗಿದೆ.

ಯಾರನ್ನೂ ಕೆಲಸದಿಂದ ತೆಗೆಯಲೇಬಾರದು ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಮನುಷ್ಯರನ್ನು ತೆಗೆಯಲು ಕಲಿಸುವ ತಮ್ಮನ್ನು ಒಂದು ಮಾತು ಕೇಳಬೇಕಿದೆ. ಈ ಸಹಾನುಭೂತಿ ಯಾರ ಅನುಕೂಲಕ್ಕೆ? ಹೋಗುವವನ ನೋವು ಇದರಿಂದ ಎಳ್ಳಷ್ಟಾದರೂ ಕಡಿಮೆಯಾಯಿತೇ, ಅಥವಾ ಕಳಿಸಿದವನಿಗೆ ಮಧ್ಯಾಹ್ನದ ಊಟ ಸಲೀಸಾಗಿ ಇಳಿಯಿತೇ?

ನಿಮ್ಮ ಕೆಲಸಕ್ಕೂ ಒಂದು ನಮಸ್ಕಾರ ಎಂದು ರಾಜೀನಾಮೆ ಬಿಸಾಡೋಣವೆನಿಸಿತು. ಎಲ್ಲಿಯ ರಾಜೀನಾಮೆ! ಈಗ ನಮ್ಮ ಮನೆಯ ಒಲೆ ಉರಿಯುವುದು ನಿಮ್ಮ ಸಂಬಳದಿಂದಲೇ. ಸೋಮವಾರ ಹೊಸ ತಂಡ ಬರುತ್ತದಂತೆ. ಬರುತ್ತೇನೆ, ಅಳುತ್ತೇನೆ.

ನನ್ನ ಬೇಡಿಕೆ ಒಂದೇ. ಆ ಕೋರ್ಸಿಗೆ ಆರನೆಯ ದಿನವೊಂದನ್ನು ಸೇರಿಸಿ. ಅಂದು ನನ್ನ ಕುರ್ಚಿಯಲ್ಲಿ ನಮ್ಮ ಯಜಮಾನರನ್ನು ಕೂರಿಸಿ, ನಿಮ್ಮ ವಿದ್ಯಾರ್ಥಿಗಳು ಅವರ ಬೈಗುಳ ಮುಗಿಯುವವರೆಗೆ ಎದ್ದುಹೋಗದೆ ಕೇಳಲಿ. ಉತ್ತರ ಕೊಡಬೇಕಾಗಿಲ್ಲ. ಆಗದು ಎನ್ನುತ್ತೀರಿ, ಅದೂ ನನಗೆ ಗೊತ್ತು. ಈ ಪತ್ರ ಓದಿ ನನ್ನನ್ನು ನಿಜವಾಗಿಯೇ ತೆಗೆಯಬೇಕೆನಿಸಿದರೆ, ದಯಮಾಡಿ ಒರಟಾಗಿ ತೆಗೆಯಿರಿ. ನಮ್ಮ ಮನೆಯಲ್ಲಿ ಬೈಯಲು ಒಬ್ಬರಾದರೂ ಉಳಿಯಬೇಕು.

ಇಂತಿ,
ಸೋಮವಾರ ಬೆಳಿಗ್ಗೆ ಮತ್ತೆ ಕೆಲಸ ಕಳೆದುಕೊಳ್ಳಲು ಹೊತ್ತಿಗೆ ಸರಿಯಾಗಿ ಹಾಜರಾಗುವವಳು