ಬಸ್ಸಿನ ಬಾಗಿಲಿಗೂ ಸಾರಿ

ಅಮ್ಮಾ,

ಇವತ್ತು ಇಂಗ್ಲೆಂಡಿನ ಈ ಸಂಡರ್ಲ್ಯಾಂಡಿನಲ್ಲಿ ನಿನ್ನ ಅಂಗವಿಕಲ ಭತ್ಯೆಯ ವಿಚಾರಣೆ ಮುಗಿಯಿತು. ಕೂರಲಾಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಹೆಚ್ಚು ದಿನ ಇದ್ದರೆ ಭತ್ಯೆ ನಿಲ್ಲಬೇಕೆಂಬುದು ನಿಯಮ; ಸೇರಿದ ದಿನವೇ ನೀನು ಭತ್ಯೆ ಕಚೇರಿಗೆ ತಿಳಿಸಿದ್ದೆ. ಭತ್ಯೆ ನಿಲ್ಲಿಸಲು ಮರೆತವರು ಅವರು. ಆಮೇಲೆ ಹಣ ವಾಪಸ್ ಕೇಳಿದರು, ನೀನು ತೀರಿಕೊಂಡ ಮೇಲೂ ಬಿಡಲಿಲ್ಲ.

"ವಾಪಸ್ ಕೇಳಿದಾಗ ಇವರ ತಾಯಿ ಫೋನಿನಲ್ಲಿ ಸಾರಿ ಅಂದಿದ್ದಾರೆ. ತಪ್ಪಿಲ್ಲದೆ ಯಾರಾದ್ರೂ ಸಾರಿ ಅಂತಾರಾ?" ಎಂದ ಕಚೇರಿಯ ಪರ ಬಂದಿದ್ದ ಅಧಿಕಾರಿ ಪಿಕರ್ಸ್‌ಗಿಲ್.

"ಅಲ್ಲಾ ಸ್ವಾಮಿ, ಬಸ್ಸಿನ ಬಾಗಿಲು ಬಡಿದ್ರೆ ನಮ್ಮಮ್ಮ ಬಾಗಿಲಿಗೇ ಸಾರಿ ಅನ್ನೋಳು. ಈ ಊರಲ್ಲಿ ಯಾರು ಅನ್ನಲ್ಲ ಹೇಳಿ!"

ನ್ಯಾಯಾಧೀಶೆ ನಕ್ಕುಬಿಟ್ಟರು. ತಪ್ಪು ಕಚೇರಿಯದೇ, ಏನೂ ಕೊಡಬೇಕಾಗಿಲ್ಲ ಎಂದರು.

ತಪ್ಪು ಮಾಡದವರು ತಲೆ ಬಾಗಿಸಬಾರದು ಎಂದು ಹಕ್ಕುಗಳ ಕರಪತ್ರ ಹಿಡಿದು ನಿನ್ನ ಹಾಸಿಗೆಯ ಪಕ್ಕ ಭಾಷಣ ಬಿಗಿಯುತ್ತಿದ್ದೆನಲ್ಲ, ಅದಕ್ಕೂ ನೀನು ಸಾರಿ ಎನ್ನುತ್ತಿದ್ದೆ.

ಹೊರಗೆ ಬರುವಾಗ ಪಿಕರ್ಸ್‌ಗಿಲ್ ನನ್ನ ಕಾಲು ತುಳಿದ.

"ಸಾರಿ" ಎಂದೆ. ನಾನೇ, ಅಮ್ಮಾ.