ಬೆಳ್ತಂಗಡಿ ಸುತ್ತಿ ಮೂಡುಬಿದಿರೆಗೆ

ಮೂಡುಬಿದಿರೆ
20-9-2004

ಪ್ರೀತಿಯ ಉಪ್ಪಾ,
ಅಸ್ಸಲಾಮು ಅಲೈಕುಂ.

ಬಂಟ್ವಾಳದಿಂದ ನಮ್ಮ ಆಸ್ಪತ್ರೆಗೆ ಬರುವ ಕೇಬಲನ್ನು ಇಂದು ಸಿದ್ಧಕಟ್ಟೆಯಲ್ಲಿ ರಸ್ತೆ ಅಗೆಯುವವರು ಕಡಿದುಹಾಕಿದರು. ಆದರೂ ಇಲ್ಲಿ ಒಂದು ಕಂಪ್ಯೂಟರೂ ನಿಲ್ಲಲಿಲ್ಲ! ಮೊದಲು ನೇರ ದಾರಿ, ಅದು ಕಡಿದರೆ ಬೆಳ್ತಂಗಡಿ ಸುತ್ತಿ ಬಾ ಎಂದು, ಕಂಪ್ಯೂಟರುಗಳ ಮಾಹಿತಿಗೆ ದಾರಿ ತೋರಿಸುವ ಸ್ವಿಚ್ಚಿನಲ್ಲಿ ನಾನೇ ಬರೆದಿಟ್ಟಿದ್ದೆ. ನೀವು ಇಲ್ಲಿ ಬಸ್ಸು ಬಿಡುತ್ತಿದ್ದಾಗ, ರಸ್ತೆ ಬಂದ್ ಆದರೆ ಮಾಲಕರನ್ನು ಕೇಳದೆ ಹಾಗೆಯೇ ಸುತ್ತಿ ಬರುತ್ತಿದ್ದಿರಲ್ಲ, ಅದರಿಂದಲೇ ಕಲಿತದ್ದು.

ಮ್ಯಾನೇಜರ್ ಉದಯಶಂಕರರಿಗೆ ಗೊತ್ತೇ ಆಗಲಿಲ್ಲ. “ಇವತ್ತು ನಿಮಗೆ ಎಂಥ ಕೆಲಸವೂ ಇಲ್ಲ, ಅಲ್ವಾ ಉಝ್ಮಾ?” ಎಂದರು. ವಿಷಯ ಹೇಳಿದೆ. ಕುರ್ಚಿ ಎಳೆದು ಕೂತುಬಿಟ್ಟರು. “ಇನ್ನು ಮೂರೂ ಊರಿನ ನಮ್ಮ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸ ನೀವೇ ನೋಡಿಕೊಳ್ಳಿ” ಎಂದರು.

ರಂಝಾನ್ ಕಳೆದು ನನ್ನನ್ನು ನೋಡಲು ಬರುವವರಿಗೆ, ಹುಡುಗಿ ಕೆಲಸ ಬಿಡುವುದಿಲ್ಲವೆಂದು ನೀವೇ ದಮ್ಮಾಮಿನಿಂದ ಫೋನ್ ಮಾಡಿ ಹೇಳಬೇಕು. ಉಮ್ಮನನ್ನು ಕೇಳುತ್ತಾ ನಿಲ್ಲಬೇಡಿ. ಮಾಲಕರನ್ನೇ ನೀವು ಕೇಳುತ್ತಿರಲಿಲ್ಲ.

ನಿಮ್ಮ ಮಗಳು,
ಉಝ್ಮಾ