ಗುಟುಕಿಗೊಂದು ಉಸಿರು

ಬೆಂಗೇರಿ, ಹುಬ್ಬಳ್ಳಿ
೧೪-೧೧-೧೯೯೭, ಶುಕ್ರವಾರ

ಪ್ರೀತಿಯ ಮಗಳು ದಾಕ್ಷಾಯಿಣಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದ.

ಮೊದಲು ಒಂದು ಮಾತು ತಿಳಿದಿರಲಿ. ಈ ಹುಬ್ಬಳ್ಳಿಯಲ್ಲಿ ನನ್ನನ್ನು ಕೇಳದೆ ಯಾವ ಡಾಕ್ಟರೂ ಸೂಜಿ ಹಿಡಿಯುವುದಿಲ್ಲ. ನಮ್ಮೂರ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಕಲಿತವನ ಬುದ್ಧಿಗೆ ಅವರೂ ಬೆರಗಾಗಿದ್ದಾರೆ. ಅದಿರಲಿ, ನಿನ್ನ ಜ್ವರ ಇಳಿಯಿತೇ? ಹೊಟ್ಟೆಯ ಹೊಲಿಗೆ ಮಾಯುತ್ತಿದೆಯೇ? ಧಾರವಾಡದ ಆ ದವಾಖಾನೆಯಲ್ಲಿ ನಿಮ್ಮವ್ವ ಕೊಡುವ ಗಂಜಿಯನ್ನು ಮುಖ ಸೊಟ್ಟ ಮಾಡದೆ ಕುಡಿ.

ನಿನ್ನ ಅವಳಿ ಕೂಸುಗಳನ್ನು ಇಲ್ಲಿಯ ದೊಡ್ಡ ದವಾಖಾನೆಗೆ ತಂದ ದಿನದಿಂದ ನಾನೂ ನಿನ್ನ ಚಿಗವ್ವ ದೇವಕ್ಕನೂ ಕದಲಿಲ್ಲ. ಕೂಸುಗಳನ್ನಿಟ್ಟ ಗಾಜಿನ ಕೋಣೆಯೊಳಗೆ ಗಂಡಸರನ್ನು ಬಿಡುವುದಿಲ್ಲ. ನನಗೆ ಮಾತ್ರ ಕಿಟಕಿಯವರೆಗೆ ವಿಶೇಷ ಪರವಾನಿಗೆ. ಆ ಕಿಟಕಿಗೆ ಯಾರು ಬೇಕಾದರೂ ಬರಬಹುದು ಎಂದು ದೇವಕ್ಕ ಹೇಳಿದರೆ ನಂಬಬೇಡ. ದೊಡ್ಡವಳ ಸುದ್ದಿ ಆಮೇಲೆ ಬರೆಯುತ್ತೇನೆ, ಮೊದಲು ಸಣ್ಣವಳದ್ದು ಕೇಳು.

ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹಾಲು ಕುಡಿಯುವುದೇ ದೊಡ್ಡ ಕಸರತ್ತು. ಚೀಪಬೇಕು, ನುಂಗಬೇಕು, ನುಂಗುವಾಗ ಉಸಿರು ತಡೆಯಬೇಕು, ಮತ್ತೆ ಉಸಿರಾಡಬೇಕು. ಈ ಸರದಿ ತಾಯಿಯ ಹೊಟ್ಟೆಯಲ್ಲಿ ಕೊನೆಯ ತಿಂಗಳುಗಳಲ್ಲಿ ಕೂಡಿಬರುತ್ತದಂತೆ. ಇವರು ಅಷ್ಟರೊಳಗೇ ಹೊರಟುಬಂದರು. ಅದಕ್ಕೇ ನೀನು ಹಿಂಡಿ ಕಳಿಸಿದ ಹಾಲನ್ನು ಮೂಗಿಗೆ ಹಾಕಿದ ಸಣ್ಣ ನಳಿಕೆಯಿಂದ ಹೊಟ್ಟೆಗೆ ಬಿಡುತ್ತಿದ್ದರು. ಮೊದಲ ದಿನ ದೇವಕ್ಕ ಕೂಸಿಗೆ ಹಾಲು ಹಾಕುವ ಮನೆಯ ಒಳಲೆ ಹಿಡಿದು, ತಾನೇ ಕುಡಿಸುತ್ತೇನೆಂದು ಒಳಗೆ ನುಗ್ಗಿದ್ದಳು. ನರ್ಸ್ ಅಬೀದಾ ಅವಳ ಕೈ ಹಿಡಿದು, "ಹಸಿವು ಐತಿ ಖರೇ ಅಕ್ಕಾರ, ಆದ್ರ ನುಂಗೂದು ಉಸಿರಾಡೂದು ಇನ್ನೂ ಹೊಂದಿಲ್ರಿ. ಹಾಲು ಪುಪ್ಪಸಕ್ಕ ಹೋದ್ರ ಏನ್ ಮಾಡ್ತೀರಿ?" ಎಂದಳಂತೆ. ಒಳಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದವಳನ್ನು ನಾನು "ಡಾಕ್ಟರಬಾಯಿ ಬಂದ್ರು, ದಾರಿ ಬಿಡ್ರಿ" ಎಂದು ಕಾಡಿದೆ.

ಇವತ್ತು ಬೆಳಿಗ್ಗೆ ಅಬೀದಾ ಚಮಚದಿಂದ ಒಂದು ಹನಿ ಕೊಟ್ಟಳು. ಸಣ್ಣವಳು ನುಂಗಿ ಸುಮ್ಮನಾದಳು. ಕಿಟಕಿಯಾಚೆ ನನ್ನ ಉಸಿರೂ ನಿಂತಿತು. ತುಟಿ ನೀಲಿಯಾಗಲಿಲ್ಲ. ಆ ಪುಟ್ಟ ಎದೆ ಏರಿತು, ಇಳಿಯಿತು. ಮತ್ತೆ ಬಾಯಿ ತೆರೆದಳು. ಗುಟುಕಿಗೊಂದು ಉಸಿರು, ಉಸಿರಿಗೊಂದು ಗುಟುಕು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಫಿನಾಯಿಲ್ ವಾಸನೆಗೆ ಕಣ್ಣು ಉರಿದವು, ಬೇರೇನಿಲ್ಲ.

ಹೀಗೇ ಗಟ್ಟಿಯಾದರೆ ಬೇಗ ಎದೆಗೆ ಹಚ್ಚಬಹುದಂತೆ. ಅಷ್ಟರಲ್ಲಿ ನೀನು ಏಳಬೇಕು. ಮನೆದೇವರ ಕೈ ನಿನ್ನ ನೆತ್ತಿಯ ಮೇಲಿರಲಿ. ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಕಾಕಾ,
ಬೀರಲಿಂಗಪ್ಪ

ತಾ.ಕ.: ನಿನ್ನ ಗಂಡ ಕಲ್ಲೇಶ ಹಾಲು ತರಲು ಬಸ್ಸಿಗೆ ಹೊರಟು ನಿಂತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ದೊಡ್ಡವಳು ಮಂಗಳವಾರ ಹೋದಳವ್ವಾ. ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿದ್ದಳು, ಅಬೀದಾ ಅಂಗಾಲು ತಟ್ಟಿ ನೆನಪು ಮಾಡುತ್ತಿದ್ದಳು. ಆ ಸಲ ಎಷ್ಟು ತಟ್ಟಿದರೂ ನೆನಪಾಗಲಿಲ್ಲ. ನಾನೂ ಕಲ್ಲೇಶನೂ ಮಣ್ಣು ಮಾಡಿ ಬಂದೆವು. ಹಾಲಿಗೆ ಬಂದಾಗ ನಿನ್ನ ಮುಂದೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತಿಳಿದರೆ ನಿನಗೆ ಹಾಲು ಬತ್ತೀತೆಂದು ಎಲ್ಲರಿಗೂ ಹೆದರಿಕೆ. "ಇಬ್ಬರೂ ಆರಾಮ ಅದಾರ ಅಂತ ಬರೀರಿ, ಸುಳ್ಳು ಹೇಳೂದು ನಿಮಗ ಹೊಸಾದೇನಲ್ಲ" ಎಂದು ದೇವಕ್ಕ ಕಾಗದ ಕೈಗಿಟ್ಟಳು. ಬರೆಯಲಾಗಲಿಲ್ಲ. ಅಳು, ಮಗಳೇ. ಅಳುತ್ತಲೇ ಹಿಂಡು, ನಿಲ್ಲಿಸಬೇಡ. ಸಣ್ಣವಳು ಸಂಜೆಗೆ ಬಾಯಿ ತೆರೆಯುತ್ತಾಳೆ. ಇನ್ನು ಮೇಲೆ ಒಬ್ಬಳಿಗಾಗುವಷ್ಟು ಸಾಕು.